ಹುಬ್ಬಳ್ಳಿಯ ಗೇಮ್ ಅಂಗಡಿಯಲ್ಲಿ ಪ್ಲೇಸ್ಟೇಷನ್–ಎಕ್ಸ್‌ಬಾಕ್ಸ್ ಪೈಪೋಟಿ: ಒಂದು ಪ್ರಕರಣ ಅಧ್ಯಯನ

ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಇಲ್ಲಿರುವುದು ಹುಬ್ಬಳ್ಳಿಯ ಒಂದು ಅಂಗಡಿಯ ಪ್ರಕರಣ. ಮಾಲೀಕರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು, ಓಣಿ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಅಂಗಡಿ ಇಬ್ಬರು ಸಹೋದರರದ್ದು. ಅವರನ್ನು ಅಣ್ಣ, ತಮ್ಮ ಎಂದಷ್ಟೇ ಕರೆಯುತ್ತೇನೆ.

ಗೇಮ್ ಕನ್ಸೋಲ್ ಅಂದರೆ ಟಿವಿಗೆ ಜೋಡಿಸಿ ಆಡುವ ಮಷೀನ್. ಸೋನಿಯದ್ದು ಪ್ಲೇಸ್ಟೇಷನ್ (ಪಿಎಸ್; ಮುಂದಿನ ಅಂಕಿ ಅದರ ಪೀಳಿಗೆ), ಮೈಕ್ರೋಸಾಫ್ಟ್‌ನದ್ದು ಎಕ್ಸ್‌ಬಾಕ್ಸ್. ಈ ಕಂಪನಿಗಳ ಪೈಪೋಟಿಯ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಯಾರು ಎಷ್ಟು ಕೋಟಿ ಮಾರಿದರು, ಯಾರ ಚಿಪ್ ಜೋರು, ಯಾವ ಗೇಮ್ ಯಾರ ಹತ್ತಿರ ಮಾತ್ರ ಇದೆ, ಎಲ್ಲ ಇದೆ. ಅದೇ ಪೈಪೋಟಿ ನಮ್ಮಂಥ ಊರಿನ ಒಬ್ಬ ಅಂಗಡಿಯವರ ಬಂಡವಾಳವನ್ನು ಹೇಗೆ ಕಟ್ಟಿಹಾಕುತ್ತದೆ, ಹೇಗೆ ಬಿಡಿಸುತ್ತದೆ ಎನ್ನುವುದನ್ನು ಬರೆದವರು ಕಡಿಮೆ. ಈ ಅಂಗಡಿಯ ವಹಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದರಲ್ಲಿ ಬೇರೆ ವ್ಯಾಪಾರಿಗಳಿಗೂ ಉಪಯೋಗಕ್ಕೆ ಬರುವ ವಿಷಯ ಇದೆ.

ಅಂಗಡಿ, ಊರು, ಪಿಎಸ್4

ಅಂಗಡಿ ಇರುವುದು ಕೊಪ್ಪಿಕರ್ ರಸ್ತೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಶುರುವಾಗಿದ್ದು ಮೊಬೈಲ್ ರಿಚಾರ್ಜ್, ಕವರ್, ಚಾರ್ಜರ್ ವ್ಯಾಪಾರದಿಂದ. ಅಣ್ಣ ಇವತ್ತಿಗೂ ಆ ಕಡೆ ನೋಡಿಕೊಳ್ಳುತ್ತಾರೆ. 2016ರ ಸುಮಾರಿಗೆ ತಮ್ಮ ಒಂದು ಮೂಲೆಯಲ್ಲಿ ಪಿಎಸ್4 ಮತ್ತು ಒಂದಿಷ್ಟು ಗೇಮ್ ಡಿಸ್ಕ್ ಇಟ್ಟರು. ವಿದ್ಯಾನಗರದ ಕಾಲೇಜು ಹುಡುಗರು, ಕೇಶ್ವಾಪುರದ ಮನೆಗಳವರು, ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆಂದು ಬಂದವರು, ಗದಗ–ಹಾವೇರಿ ಕಡೆಯಿಂದ ಸಂತೆಗೆ ಬಂದು ಮಗನಿಗಾಗಿ ವಿಚಾರಿಸುವ ತಂದೆಯರು, ಹೀಗೆ ನಿಧಾನವಾಗಿ ಗಿರಾಕಿಗಳು ಕೂಡಿದರು.

ಆಗ ಇವರ ಮೂಲೆಯಲ್ಲಿ ಎಕ್ಸ್‌ಬಾಕ್ಸ್ ಇರಲೇ ಇಲ್ಲ. ಅದಕ್ಕೆ ಕಾರಣ ಇವರ ಇಷ್ಟಾನಿಷ್ಟ ಅಲ್ಲ, ಕಂಪನಿಗಳ ಹಳೆಯ ನಿರ್ಧಾರಗಳು. ಪಿಎಸ್4 ಭಾರತಕ್ಕೆ ಬಂದದ್ದು 2014ರ ಜನವರಿಯಲ್ಲಿ, 39,990 ರೂಪಾಯಿಗೆ. ಎಕ್ಸ್‌ಬಾಕ್ಸ್ ಒನ್ ಬಂದದ್ದು ಅದೇ ವರ್ಷದ ಸೆಪ್ಟೆಂಬರ್ 23ಕ್ಕೆ. ಬೆಲೆ ಅದೇ 39,990. ಆದರೆ ಮೊದಲಿಗೆ ಅದನ್ನು ಮಾರಿದ್ದು ಅಮೆಜಾನ್‌ನಲ್ಲಿ ಮಾತ್ರ. ಎಂಟು ತಿಂಗಳು ತಡ, ಮೇಲಿಂದ ಅಂಗಡಿಗಳಿಗೆ ಮಾಲೇ ಇಲ್ಲ. ಹುಬ್ಬಳ್ಳಿಯಂಥ ಊರಲ್ಲಿ ಹುಡುಗರು ಕಣ್ಣಾರೆ ನೋಡಿದ್ದು, ಕೈಯಲ್ಲಿ ಹಿಡಿದದ್ದು ಪಿಎಸ್4 ಒಂದನ್ನೇ.

ಇನ್ನೊಂದು ವಿಷಯ ಅದಕ್ಕೂ ಹಿಂದಿನದು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಘೋಷಿಸುವಾಗ ಮೈಕ್ರೋಸಾಫ್ಟ್ ಎರಡು ಷರತ್ತು ಹೇಳಿತ್ತು. ಮಷೀನ್ 24 ಗಂಟೆಗೆ ಒಮ್ಮೆಯಾದರೂ ಇಂಟರ್ನೆಟ್‌ಗೆ ಸೇರಬೇಕು. ಹಳೆಯ ಡಿಸ್ಕ್ ಮಾರುವುದಕ್ಕೂ ಕಟ್ಟುಪಾಡು ಇರುತ್ತದೆ. ಆ ಜೂನ್‌ನ ಇ3 ಎಂಬ ಗೇಮ್ ಮೇಳದಲ್ಲಿ ಸೋನಿ ವೇದಿಕೆಯ ಮೇಲೆಯೇ ಹೇಳಿತು: ನಮ್ಮಲ್ಲಿ ಡಿಸ್ಕ್ ಯಾರಿಗೆ ಬೇಕಾದರೂ ಕೊಡಿ, ಮಾರಿ. ಬೆಲೆಯೂ 399 ಡಾಲರ್. ಎದುರಾಳಿಯದ್ದು 499. ಜನ ಎಷ್ಟು ಸಿಟ್ಟಾದರೆಂದರೆ, ಜೂನ್ 19ಕ್ಕೆ ಮೈಕ್ರೋಸಾಫ್ಟ್ ಆ ಷರತ್ತುಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ತಡವಾಗಿತ್ತು. ಪಿಎಸ್4 ಮುಂದೆ 11 ಕೋಟಿಗೂ ಜಾಸ್ತಿ ಮಾರಾಟವಾಯಿತು. ಮೈಕ್ರೋಸಾಫ್ಟ್ 2015ರಿಂದ ಎಷ್ಟು ಮಷೀನ್ ಮಾರಿದೆವು ಎಂದು ಹೇಳುವುದನ್ನೇ ನಿಲ್ಲಿಸಿತು.

ಡಿಸ್ಕ್ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಪಿಎಸ್2 ಕಾಲದಲ್ಲಿ ನಮ್ಮ ಕಡೆ ಓಡುತ್ತಿದ್ದದ್ದು ಬಹಳ ಮಟ್ಟಿಗೆ ಕಾಪಿ ಸಿಡಿಗಳು. ಅವಕ್ಕೆ ಮರುಮಾರಾಟದ ಬೆಲೆ ಇರಲಿಲ್ಲ. ಪಿಎಸ್4ನಲ್ಲಿ ಕಾಪಿ ನಡೆಯಲಿಲ್ಲ. ಒರಿಜಿನಲ್ ಡಿಸ್ಕೇ ಬೇಕಾಯಿತು. ದೊಡ್ಡ ಗೇಮ್ ಒಂದಕ್ಕೆ 3,999 ರೂಪಾಯಿ. ಹೀಗೆ ಮೊದಲ ಸಲ ಮಧ್ಯಮ ವರ್ಗದ ಮನೆಯಲ್ಲಿ ಗೇಮ್ ಡಿಸ್ಕ್ ಅಂದರೆ ಬೆಲೆಬಾಳುವ ವಸ್ತು ಆಯಿತು. ಆಡಿ ಮುಗಿಸಿದ ಮೇಲೆ ಅದನ್ನು ಮಾರಬಹುದು, ಬದಲಾಯಿಸಬಹುದು, ಕಾಕಾನ ಮಗನಿಗೆ ಕೊಡಬಹುದು. ಪಿಎಸ್4 ಡಿಸ್ಕ್‌ಗೆ ಪ್ರದೇಶದ ಬೀಗವೂ ಇಲ್ಲ. ದುಬೈನಿಂದ ಬಂದವರು ತಂದ ಡಿಸ್ಕ್ ಇಲ್ಲಿಯೂ ಓಡುತ್ತದೆ.

2020ರ ದೀಪಾವಳಿ

ಆ ವರ್ಷ ಲಾಕ್‌ಡೌನ್‌ನಿಂದ ಅಂಗಡಿ ತಿಂಗಳುಗಟ್ಟಲೆ ಬಡವಾಗಿತ್ತು. ಹಬ್ಬದ ವ್ಯಾಪಾರದ ಮೇಲೆಯೇ ಇಬ್ಬರ ಕಣ್ಣು. ಲಕ್ಷ್ಮೀ ಪೂಜೆ ನವೆಂಬರ್ 14ಕ್ಕೆ. ಎಕ್ಸ್‌ಬಾಕ್ಸ್‌ನ ಹೊಸ ಪೀಳಿಗೆಯ ಸೀರೀಸ್ ಎಕ್ಸ್ ಮತ್ತು ಅದಕ್ಕಿಂತ ಅಗ್ಗದ ಸೀರೀಸ್ ಎಸ್ ಭಾರತದಲ್ಲೂ ಜಗತ್ತಿನ ಜೊತೆಗೇ ಬಿಡುಗಡೆಯಾದದ್ದು ನವೆಂಬರ್ 10ಕ್ಕೆ. ಪಿಎಸ್5 ಬೇರೆ ದೇಶಗಳಲ್ಲಿ ಅದೇ ವಾರ ಬಂದರೂ ಭಾರತಕ್ಕೆ ಯಾವಾಗ ಎಂದು ತಿಳಿದಿರಲಿಲ್ಲ.

ಅಣ್ಣನ ಲೆಕ್ಕ ನೇರವಾಗಿತ್ತು. ಸೀರೀಸ್ ಎಸ್ ಬೆಲೆ 34,990. ಪಿಎಸ್5 ಬಂದರೆ 49,990 ಎಂದು ಕಂಪನಿ ಹೇಳಿತ್ತು. ಪೂರ್ತಿ 15,000 ಅಂತರ. ಮೇಲಿಂದ ಗೇಮ್ ಪಾಸ್ ಇದೆ. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ನೂರಾರು ಗೇಮ್. “ಪಿಎಸ್5 ಹಾದಿ ಕಾಯ್ಕೋತ ಕುಂತ್ರ ಹಬ್ಬ ಹೊಕ್ಕೈತಿ. ಕೈಯಾಗ ಮಾಲ್ ಇದ್ದವ್ನ ವ್ಯಾಪಾರಿ” ಅಂದರು. ತಮ್ಮನಿಗೆ ಅಳುಕಿತ್ತು. ಆದರೆ ಬೇಡ ಎನ್ನಲು ಕಾರಣ ಅವರಿಗೂ ಸರಿಯಾಗಿ ಹೊಳೆಯಲಿಲ್ಲ. ಮುಂಬೈಯ ಒಬ್ಬ ಹೋಲ್‌ಸೇಲ್‌ನವರ ಮೂಲಕ 12 ಸೀರೀಸ್ ಎಸ್ ತರಿಸಿದರು. ಕೆಲವು ಹಬ್ಬಕ್ಕೆ ಬಂದವು, ಉಳಿದವು ಡಿಸೆಂಬರ್‌ನಲ್ಲಿ. ಗೇಮ್ ವಿಭಾಗದ ಬಂಡವಾಳದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಹಳೇ ಪಿಎಸ್4 ಡಿಸ್ಕ್ ಕೊಳ್ಳುವುದನ್ನು ಅಣ್ಣ ನಿಲ್ಲಿಸಿದರು. ಹೊಸ ಮಷೀನ್ ಬಂದ ಮೇಲೆ ಹಳೇ ಸಿಡಿ ಯಾರಿಗೆ ಬೇಕು ಅನ್ನುವುದು ಅವರ ವಾದ.

ಅಣ್ಣನ ಲೆಕ್ಕವನ್ನು ಮೂರ್ಖತನ ಎನ್ನಲು ನನಗೆ ಮನಸ್ಸಿಲ್ಲ. ಬೆಲೆ, ಸಮಯ, ಕೈಯಲ್ಲಿರುವ ಮಾಲು: ಚಾರ್ಜರ್ ಮಾರುವವರಿಗೆ ಈ ಮೂರೇ ಸಾಕು. ಮೊಬೈಲ್ ಕವರ್ ಕೊಂಡವರು ಗೆಳೆಯನ ಹತ್ತಿರ ಯಾವ ಕವರ್ ಇದೆ ಎಂದು ಕೇಳುವುದಿಲ್ಲ. ಕನ್ಸೋಲ್ ಕೊಳ್ಳುವವರು ಮೊದಲು ಕೇಳುವುದೇ ಅದನ್ನು.

ಹಬ್ಬಕ್ಕೆ ನಾಲ್ಕು ಹೋದವು. ಆಮೇಲೆ ಬಂದವರೆಲ್ಲ ಕೇಳಿದ್ದು ಬೇರೆಯೇ. “ಸ್ಪೈಡರ್‌ಮ್ಯಾನ್ ಐತೇನ್ರಿ ಇದ್ರಾಗ?” ಇಲ್ಲ, ಅದು ಪ್ಲೇಸ್ಟೇಷನ್‌ನದ್ದು. “ಗಾಡ್ ಆಫ್ ವಾರ್?” ಅದೂ ಇಲ್ಲ. “ನಮ್ಮ ದೋಸ್ತನ ಹತ್ರ ಸಿಡಿ ಅದಾವ್ರಿ, ಇದಕ್ಕ ನಡೀತಾವೇನು?” ನಡೆಯುವುದಿಲ್ಲ. ಕಟ್ಟೆಯ ಮುಂದೆ ನಿಂತ ಕಾಲೇಜು ಹುಡುಗರು ಸೀರೀಸ್ ಎಕ್ಸ್‌ದು 12 ಟೆರಾಫ್ಲಾಪ್ (ಚಿಪ್‌ನ ವೇಗದ ಅಳತೆ), ಪಿಎಸ್5ದು 10.28 ಎಂದು ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಆ ವಾದದಿಂದ ಒಂದು ಪೀಸೂ ಮಾರಾಟವಾಗಲಿಲ್ಲ.

“ಈ ಸಿಡಿ ಎಲ್ಲಿ ಹಾಕ್ಬೇಕು?”

ಪ್ರಕರಣದ ಮುಖ್ಯ ತಿರುವು 2021ರ ಜನವರಿಯಲ್ಲಿ ಬಂತು. ಗದಗ ಕಡೆಯ ಒಂದು ಕುಟುಂಬ ಹಬ್ಬಕ್ಕೆ ಸೀರೀಸ್ ಎಸ್ ಒಯ್ದಿತ್ತು. ಹುಡುಗನ ಸೋದರಮಾವ ಬೆಂಗಳೂರಿನಿಂದ ಬರುವಾಗ ಒಂದು ಎಕ್ಸ್‌ಬಾಕ್ಸ್ ಡಿಸ್ಕ್ ಕಾಣಿಕೆ ತಂದಿದ್ದರು. ತಂದೆ ಮಷೀನ್ ಮತ್ತು ಡಿಸ್ಕ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದರು.

“ತಮ್ಮಾ, ಈ ಸಿಡಿ ಎಲ್ಲಿ ಹಾಕ್ಬೇಕು? ಹುಡುಕಿ ಹುಡುಕಿ ಸಾಕಾತು.”

“ಸರ್, ಇದ್ರಾಗ ಸಿಡಿ ಹಾಕಾಕ ಬರೂದಿಲ್ರಿ. ಎಲ್ಲಾ ನೆಟ್‌ನಿಂದ ಇಳಿಸ್ಕೋಬೇಕ್ರಿ.”

“ಕೊಡೂ ಮುಂದ ಹೇಳ್ಬೇಕಿತ್ತಲ್ಲಪಾ. ನಮ್ಮಲ್ಲಿ ಇರೂದು ಮೊಬೈಲ್ ನೆಟ್ ಒಂದ.”

ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲ. ಅಗ್ಗವಾಗಿರುವುದಕ್ಕೆ ಅದೂ ಒಂದು ಕಾರಣ. ಡಬ್ಬಿಯ ಮೇಲೆಯೂ ಡಿಜಿಟಲ್ ಮಾತ್ರ ಎಂದು ಬರೆದಿರುತ್ತದೆ. ಆದರೆ ಡಬ್ಬಿ ಓದಿ ಕೊಳ್ಳುವವರು ಎಷ್ಟು ಜನ? ದಿನಕ್ಕೆ 2 ಜಿಬಿ ಡೇಟಾ ಇರುವ ಮನೆಯಲ್ಲಿ 60 ಜಿಬಿಯ ಒಂದು ಗೇಮ್ ಇಳಿಸಲು ಒಂದು ತಿಂಗಳು ಬೇಕು, ಅದೂ ಮನೆಯವರು ಯಾರೂ ಮೊಬೈಲ್ ಮುಟ್ಟದಿದ್ದರೆ. ಮಷೀನ್‌ನಲ್ಲಿ 512 ಜಿಬಿ ಎಂದಿದ್ದರೂ ಗೇಮ್‌ಗೆ ಸಿಗುವುದು ಸುಮಾರು 364 ಜಿಬಿ. ನಾಲ್ಕೈದು ದೊಡ್ಡ ಗೇಮ್ ಆಗುತ್ತಲೇ ಹಳೆಯದನ್ನು ಅಳಿಸಬೇಕು. ಅಳಿಸಿದ್ದು ಮತ್ತೆ ಬೇಕೆಂದರೆ ಮತ್ತೊಂದು ತಿಂಗಳು.

ಅಣ್ಣ ವಾಪಸ್ ಬೇಡ ಅಂದರು. ಸೀಲ್ ಒಡೆದಿದೆ, ಬಳಸಿದ್ದಾಗಿದೆ, ಮಷೀನ್ ಕೆಟ್ಟಿಲ್ಲ. ವ್ಯಾಪಾರದ ರೂಢಿ ನೋಡಿದರೆ ಅವರು ಹೇಳಿದ್ದು ಸರಿ. ತಮ್ಮ ಒಪ್ಪಲಿಲ್ಲ. ಮಾರುವಾಗ ನಾವು ಹೇಳಬೇಕಿತ್ತು, ಹೇಳಲಿಲ್ಲ ಎಂದು ಹಟ ಹಿಡಿದರು. ಆ ದಿನ ಅವರು ಸೀರೀಸ್ ಎಸ್ ವಾಪಸ್ ತೆಗೆದುಕೊಂಡು ಒಂದು ಸೆಕೆಂಡ್ ಹ್ಯಾಂಡ್ ಪಿಎಸ್4, ಎರಡು ಡಿಸ್ಕ್ ಮತ್ತು ಉಳಿದ ರೊಕ್ಕ ಕೊಟ್ಟು ಕಳಿಸಿದರು. ಆ ಒಂದು ವ್ಯವಹಾರದಲ್ಲಿ ಅಂಗಡಿಗೆ ನಷ್ಟವೇ ಆಯಿತು.

ಆ ಕುಟುಂಬ ಮುಂದಿನ ತಿಂಗಳೇ ಮತ್ತೆ ಬಂತು. ಮುಗಿಸಿದ ಡಿಸ್ಕ್ ಕೊಟ್ಟು ಬೇರೆ ಒಯ್ದಿತು. ಆಮೇಲೆ ಅವರ ಬೀಗರ ಮನೆಯವರು ಬಂದರು. ಹುಡುಗನ ಶಾಲೆಯ ಗೆಳೆಯರ ತಂದೆಯರು ಬಂದರು. ಈ ಒಂದೇ ಎಳೆಯಿಂದ ಬಂದ ವ್ಯಾಪಾರವನ್ನು ವಹಿಯಲ್ಲಿ ಹಿಡಿದು ನೋಡಿದಾಗಲೇ ನನಗೂ ಅವರಿಗೂ ವಿಷಯ ತಿಳಿಯತೊಡಗಿದ್ದು.

ವಹಿಯಲ್ಲಿ ಕಂಡದ್ದು

ಹೊಸ ಕನ್ಸೋಲ್ ಮಾರಿದರೆ ಸಣ್ಣ ಅಂಗಡಿಗೆ ಉಳಿಯುವುದು ತೀರ ಕಡಿಮೆ. ತಯಾರಿಸುವವರಿಗೇ ಅದರಲ್ಲಿ ಲಾಭ ಇಲ್ಲ. ಎಕ್ಸ್‌ಬಾಕ್ಸ್ ಮಷೀನ್‌ನಿಂದ ಲಾಭ ಮಾಡಿದ್ದೇ ಇಲ್ಲ ಎಂದು ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ಕೋರ್ಟಿನಲ್ಲಿ, ಗೇಮ್ ಕಂಪನಿ ಎಪಿಕ್ ಆ್ಯಪಲ್ ಮೇಲೆ ಹೂಡಿದ್ದ ಮೊಕದ್ದಮೆಯ ಸಾಕ್ಷಿಯಲ್ಲಿ ಹೇಳಿದರು. ಡಿಸ್ಕ್ ಇರುವ ಪಿಎಸ್5 ಇನ್ನು ನಷ್ಟಕ್ಕೆ ಮಾರಬೇಕಿಲ್ಲ ಎಂದು ಸೋನಿ ಹೇಳಿದ್ದೂ ಅದೇ ವರ್ಷದ ಆಗಸ್ಟ್‌ನಲ್ಲಿ. ಕಂಪನಿಗಳು ಮಷೀನ್ ಕೊಟ್ಟು ಮನೆಯೊಳಗೆ ಕಾಲಿಡುತ್ತವೆ, ದುಡಿಯುವುದು ಗೇಮ್‌ನಲ್ಲಿ, ಚಂದಾದಲ್ಲಿ. ಹಾಗಿರುವಾಗ ಅಂಗಡಿಯವರು ಮಷೀನ್‌ನಲ್ಲೇ ಲಾಭ ಹುಡುಕಿದರೆ ಎಲ್ಲಿ ಸಿಕ್ಕೀತು?

ಡಿಸ್ಕ್‌ನ ಲೆಕ್ಕ ಹೀಗೆ. ಇದು ದುಂಡು ಅಂಕಿಯ ಉದಾಹರಣೆ. ಒಬ್ಬರು 3,999ಕ್ಕೆ ಹೊಸ ಡಿಸ್ಕ್ ಒಯ್ಯುತ್ತಾರೆ. ತಿಂಗಳ ಮೇಲೆ ತಂದರೆ ಅಂಗಡಿ 2,500 ಕೊಡುತ್ತದೆ. ಅದನ್ನು ಎರಡನೆಯವರಿಗೆ 3,000ಕ್ಕೆ ಮಾರುತ್ತದೆ. ಅವರು ತಂದಾಗ 2,000 ಕೊಟ್ಟು ಮೂರನೆಯವರಿಗೆ 2,400ಕ್ಕೆ. ಮತ್ತೆ 1,600ಕ್ಕೆ ಕೊಂಡು 1,900ಕ್ಕೆ. ಮೂರು ಮರುಮಾರಾಟದಲ್ಲಿ ಅಂಗಡಿಗೆ 500, 400, 300, ಒಟ್ಟು 1,200 ಉಳಿಯಿತು. ಒಂದೇ ಡಿಸ್ಕ್‌ನಿಂದ. ಗಿರಾಕಿಯ ಕಡೆಯಿಂದ ನೋಡಿ. ಮೊದಲನೆಯವರಿಗೆ ಆ ಗೇಮ್ ಬಿದ್ದದ್ದು ಸುಮಾರು 1,500ಕ್ಕೆ, ಎರಡನೆಯವರಿಗೆ 1,000ಕ್ಕೆ, ಮೂರನೆಯವರಿಗೆ 800ಕ್ಕೆ. ಎಲ್ಲರಿಗೂ ಹಗುರ. ಇಷ್ಟರಲ್ಲಿ ಅಂಗಡಿಗೆ ನಾಲ್ಕು ಮನೆಯವರು ಬಂದು ಹೋದರು, ಬಂದಾಗ ಒಬ್ಬರು ಕಂಟ್ರೋಲರ್, ಇನ್ನೊಬ್ಬರು ಚಾರ್ಜಿಂಗ್ ಕೇಬಲ್ ಒಯ್ದರು.

ಸೀರೀಸ್ ಎಸ್ ಒಯ್ದವರು ಹೀಗೆ ಮತ್ತೆ ಬರಲು ಕಾರಣವೇ ಇರಲಿಲ್ಲ. ಅವರ ಗೇಮ್, ಚಂದಾ ಎಲ್ಲ ಇಂಟರ್ನೆಟ್‌ನಲ್ಲೇ ಮುಗಿಯುತ್ತದೆ. 12 ಮಷೀನ್ ಪೂರ್ತಿ ಮಾರಾಟವಾಗಿದ್ದರೂ ಅಂಗಡಿ ಬರೀ 12 ಸಲ ಸ್ವಲ್ಪ ಸ್ವಲ್ಪ ಲಾಭ ನೋಡುತ್ತಿತ್ತು. ಅಷ್ಟರಲ್ಲಿ ಡಿಸ್ಕ್ ಕಪಾಟು ಖಾಲಿಯಾಗಿತ್ತು. ಕೊಳ್ಳುವುದು ನಿಲ್ಲಿಸಿದ್ದರಿಂದ ಹಳೇ ಗಿರಾಕಿಗಳು ಬೇರೆ ಕಡೆ ಹೋಗತೊಡಗಿದ್ದರು. ನಿಜವಾದ ನಷ್ಟ ಅದು. ಆದರೆ ವಹಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಅಲ್ಲಿಂದ ಒಂದು ಬೇರೆ ವಹಿ ಶುರು ಮಾಡಿಸಿದೆ. ಪ್ರತಿ ಡಿಸ್ಕ್‌ಗೆ ಒಂದು ಸಾಲು. ಯಾವಾಗ ಬಂತು, ಎಷ್ಟಕ್ಕೆ, ಯಾವಾಗ ಹೋಯಿತು, ಎಷ್ಟು ಸಲ ತಿರುಗಿತು. ಕೆಲವೇ ತಿಂಗಳಲ್ಲಿ ಅಂದಾಜು ಸಿಕ್ಕಿತು. ಜಿಟಿಎ 5 ಹಳೆಯದಾದರೂ ಬೆಲೆ ಇಳಿಯದು. ಫುಟ್‌ಬಾಲ್ ಗೇಮ್ ಫಿಫಾ (2023ರಿಂದ ಅದರ ಹೆಸರು ಇಎ ಸ್ಪೋರ್ಟ್ಸ್ ಎಫ್‌ಸಿ) ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಹೊಸದು ಬರುತ್ತದೆ, ಹಾಗಾಗಿ ಜುಲೈ ದಾಟಿದ ಮೇಲೆ ಹಳೇ ಫಿಫಾ ಕೊಳ್ಳಬಾರದು, ಕೊಂಡರೂ ತೀರ ಕಮ್ಮಿಗೆ. ಕ್ರಿಕೆಟ್ ಗೇಮ್‌ಗೆ ಐಪಿಎಲ್ ಸಮಯದಲ್ಲಿ ಕೈಗೆ ಸಿಗದಷ್ಟು ಕೇಳಿಕೆ. ಇಬ್ಬರು ಒಂದೇ ಮಂಚದ ಮೇಲೆ ಕೂತು ಆಡುವ ಟೆಕ್ಕೆನ್, ಡಬ್ಲ್ಯುಡಬ್ಲ್ಯುಇ ಥರದವು ಮದುವೆ, ಜಾತ್ರೆ, ಬೇಸಿಗೆ ರಜೆಗೆ ಜಾಸ್ತಿ ಹೋಗುತ್ತವೆ. ಒಬ್ಬರೇ ಆಡಿ ಮುಗಿಸುವ ಕಥೆಯ ಗೇಮ್ ಎಲ್ಲಕ್ಕಿಂತ ಬೇಗ ವಾಪಸ್ ಬರುತ್ತದೆ, ಅಂದರೆ ಎಲ್ಲಕ್ಕಿಂತ ಹೆಚ್ಚು ತಿರುಗುತ್ತದೆ.

ಪಿಎಸ್5: ಕೇಳುವವರು ನೂರು, ಮಾಲು ಇಲ್ಲ

2021ರ ಜನವರಿ 12ಕ್ಕೆ ಭಾರತದಲ್ಲಿ ಪಿಎಸ್5 ಮುಂಗಡ ಬುಕಿಂಗ್ ತೆರೆಯಿತು. ನಿಮಿಷಗಳಲ್ಲಿ ಮುಗಿಯಿತು. ಮಾರಾಟ ಫೆಬ್ರುವರಿ 2ರಿಂದ. ಜಗತ್ತಿನಾದ್ಯಂತ ಚಿಪ್ ಕೊರತೆ. ಹುಬ್ಬಳ್ಳಿಯ ಸಣ್ಣ ಅಂಗಡಿಗೆ ಬರುವುದು ಎಲ್ಲಿಂದ? ಬಂದರೆ ಒಂದು, ಎರಡು.

ಇಲ್ಲಿ ಮತ್ತೆ ಸಹೋದರರ ನಡುವೆ ಮಾತು ಬಂತು. 49,990ರ ಮಷೀನ್‌ಗೆ ಹತ್ತು–ಹದಿನೈದು ಸಾವಿರ ಮೇಲೆ ಕೊಡಲು ಜನ ತಯಾರಿದ್ದರು. ಸೀರೀಸ್ ಎಸ್‌ನಲ್ಲಿ ಸಿಕ್ಕಿಹಾಕಿಕೊಂಡ ರೊಕ್ಕ ಒಂದೇ ಏಟಿಗೆ ಬಿಡಿಸಿಕೊಳ್ಳಬಹುದು ಎಂದು ಅಣ್ಣನಿಗೆ ಅನಿಸಿದ್ದು ಸಹಜ. ನಾನು ಬೇಡ ಅಂದೆ. ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವುದು ಕಾನೂನು ಮಾಪನ (ತೂಕ–ಅಳತೆ) ನಿಯಮಗಳ ಪ್ರಕಾರ ಅಪರಾಧ. ತಮ್ಮ ಹೇಳಿದ್ದು ಇನ್ನೊಂದು ಮಾತು: ಇವತ್ತು ಹದಿನೈದು ಸಾವಿರ ಹೆಚ್ಚು ತೆತ್ತವರು ನಾಳೆ ಡಿಸ್ಕ್ ಬದಲಾಯಿಸಲು ನಮ್ಮ ಕಟ್ಟೆಗೆ ನಂಬಿಕೆಯಿಂದ ಬರುತ್ತಾರಾ? ಅಣ್ಣ ಸುಮ್ಮನಾದರು. ಹೆಸರು ಬರೆದುಕೊಳ್ಳುವುದು, ಮುಂಗಡ ಪಡೆಯದಿರುವುದು, ಬಂದ ಮಾಲನ್ನು ಹೆಸರು ಬರೆಸಿದ ಕ್ರಮದಲ್ಲೇ ಎಂಆರ್‌ಪಿಗೆ ಕೊಡುವುದು ಎಂದು ತೀರ್ಮಾನವಾಯಿತು.

ಎರಡನೇ ನಿರ್ಧಾರ ಇದಕ್ಕಿಂತ ದೊಡ್ಡದು. ಡಿಸ್ಕ್ ಡ್ರೈವ್ ಇರುವ ಪಿಎಸ್5ನಲ್ಲಿ ಬಹುತೇಕ ಎಲ್ಲ ಪಿಎಸ್4 ಡಿಸ್ಕ್ ಓಡುತ್ತವೆ. ಇದನ್ನು ತಮ್ಮ ಪೂರ್ತಿ ಬಳಸಿಕೊಂಡರು. ಪಿಎಸ್5 ಕೇಳಿ ಬರಿಗೈಯಲ್ಲಿ ಹೋಗುತ್ತಿದ್ದವರಿಗೆ ಹೇಳತೊಡಗಿದರು: “ಈಗ ಹಳೇ ಪಿಎಸ್4 ಒಯ್ರಿ. ಸಿಡಿ ಕೂಡಿಸ್ಕೋರಿ. ಪಿಎಸ್5 ಬಂದ್ ಮ್ಯಾಲೆ ಅದ ಸಿಡಿ ಅದ್ರಾಗೂ ನಡೀತಾವ. ಮಷೀನ್ ನಾವ ವಾಪಸ್ ತಗೋತೀವಿ, ಎಷ್ಟಕ್ಕ ಅಂತ ಈಗ್ಲೇ ಬರದ್ ಕೊಡ್ತೀವಿ.”

ಬರೆದುಕೊಟ್ಟ ಬೆಲೆ. ಇದೇ ಬಹಳ ಜನರ ಮನಸ್ಸು ತಿರುಗಿಸಿತು. ಇದಕ್ಕೆ ಶಿಸ್ತು ಬೇಕಿತ್ತು, ಇಲ್ಲದಿದ್ದರೆ ಅಂಗಡಿ ಮುಳುಗುತ್ತಿತ್ತು. ಹಳೇ ಮಷೀನ್ ಕೊಳ್ಳುವಾಗ ಬಿಲ್ ಮತ್ತು ಗುರುತಿನ ಚೀಟಿ ಕೇಳುವುದು, ಸೀರಿಯಲ್ ನಂಬರ್ ಬರೆದುಕೊಳ್ಳುವುದು, ಹಳೇ ಅಕೌಂಟ್ ತೆಗೆಸುವುದು ಕಡ್ಡಾಯವಾಯಿತು. ಒಂದು ಗೇಮ್ ಪೂರ್ತಿ ಇನ್‌ಸ್ಟಾಲ್ ಆಗುವವರೆಗೆ ಓಡಿಸಿ ನೋಡುತ್ತಾರೆ. ಪಿಎಸ್4 ಡಿಸ್ಕ್‌ನಿಂದ ಗೇಮ್‌ನ್ನು ಒಳಗೆ ಕಾಪಿ ಮಾಡಿಕೊಳ್ಳುತ್ತದೆ, ಆಮೇಲೂ ಆಡಲು ಡಿಸ್ಕ್ ಒಳಗೇ ಇರಬೇಕು. ಅರ್ಧಕ್ಕೆ ನಿಂತರೆ ಡ್ರೈವ್ ಅಥವಾ ಡಿಸ್ಕ್ ಯಾವುದೋ ಒಂದು ಕೆಟ್ಟಿದೆ ಎಂದರ್ಥ. ಕಂಟ್ರೋಲರ್‌ನ ಕಡ್ಡಿ ಮುಟ್ಟದೆಯೇ ಸರಿಯುತ್ತದಾ ನೋಡಬೇಕು. ನಮ್ಮೂರ ಧೂಳಿಗೆ ಫ್ಯಾನ್ ತುಂಬಿರುತ್ತದೆ. ಬಿಚ್ಚಿ ಒರೆಸಿ, ಚಿಪ್‌ನ ಬಿಸಿ ಇಳಿಸುವ ಪೇಸ್ಟ್ ಬದಲಿಸಿ ಮಾರಿದ ಪಿಎಸ್4ಗಳು ವಾಪಸ್ ದೂರಿಗೆ ಬಂದದ್ದು ಕಮ್ಮಿ.

ಮಾಲು ಸರಾಗವಾದದ್ದು 2023ರಲ್ಲಿ. ಕೊರತೆ ಮುಗಿಯಿತು ಎಂದು ಆ ಜನವರಿಯಲ್ಲಿ ಸೋನಿಯೇ ಹೇಳಿತು. ಅಷ್ಟರಲ್ಲಿ ಭಾರತದಲ್ಲಿ ಬೆಲೆ 54,990ಕ್ಕೆ ಏರಿತ್ತು. ಆದರೂ ಬರೆದುಕೊಟ್ಟ ಚೀಟಿ ಹಿಡಿದು ಜನ ಬಂದರು. ಪಿಎಸ್4 ಕೊಟ್ಟರು, ಪಿಎಸ್5 ಒಯ್ದರು. ಅಂಗಡಿಗೆ ಬಂದ ಪಿಎಸ್4ಗಳು ಮತ್ತೆ ಕುಂದಗೋಳ, ನವಲಗುಂದ, ಸವಣೂರು ಕಡೆಯ ಮನೆಗಳಿಗೆ ಹೋದವು. ಅಲ್ಲಿ ಈಗಲೂ ಅವು ಹೊಸ ಮಷೀನೇ. ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಜಗತ್ತಿನಲ್ಲಿ ಪಿಎಸ್5 ಮಾರಾಟ 5 ಕೋಟಿ ದಾಟಿತು. ಆ ಐದು ಕೋಟಿಯಲ್ಲಿ ಈ ಅಂಗಡಿಯ ಪಾಲು ಲೆಕ್ಕಕ್ಕೂ ಸಿಗದು, ಆದರೆ ಒಂದು ಮನೆ ನಡೆಯಲು ಅದು ಸಾಕಾಯಿತು.

ಉಳಿದ ಸೀರೀಸ್ ಎಸ್

ಇಷ್ಟು ಓದಿದವರಿಗೆ ಎಕ್ಸ್‌ಬಾಕ್ಸ್ ಸೋತಿತು, ಪ್ಲೇಸ್ಟೇಷನ್ ಗೆದ್ದಿತು ಅನಿಸಬಹುದು. ಹಾಗಲ್ಲ. ತಪ್ಪು ಮನೆಗೆ ಹೋಗಿದ್ದ ಮಷೀನ್ ಸರಿಯಾದ ಮನೆಗೆ ಹೋದಾಗ ಏನಾಯಿತು ಎನ್ನುವುದೂ ಈ ಪ್ರಕರಣದಲ್ಲಿದೆ.

2021ರ ಏಪ್ರಿಲ್ ಕೊನೆಗೆ ಎರಡನೇ ಅಲೆಯ ನಿರ್ಬಂಧ ಬಂತು. ಅಂಗಡಿ ಮುಚ್ಚಿತು. ಡಿಸ್ಕ್ ಕೈ ಬದಲಾಗುವುದು ನಿಂತಿತು. ಆಗ ಫೋನ್ ಮಾಡಿ ಕೇಳಿದವರಲ್ಲಿ ಕೆಲವರು ಬೇರೆ ಥರದವರು. ಬೆಂಗಳೂರು, ಪುಣೆಯ ಐಟಿ ಕೆಲಸವನ್ನು ಮನೆಯಿಂದ ಮಾಡಲು ಹುಬ್ಬಳ್ಳಿಗೆ ಮರಳಿದವರು, ಗೋಕುಲ ರಸ್ತೆ, ವಿದ್ಯಾನಗರದಲ್ಲಿ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡವರು. ಅವರಿಗೆ ಡಿಸ್ಕ್ ಹುಡುಕುವ ವ್ಯವಧಾನ ಇಲ್ಲ. ಗೇಮ್ ಪಾಸ್ ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೈಕ್ರೋಸಾಫ್ಟ್‌ನ ಸ್ವಂತ ಗೇಮ್‌ಗಳು ಆಗ ಬಿಡುಗಡೆಯ ದಿನವೇ ಅದರಲ್ಲಿ ಸಿಗುತ್ತಿದ್ದವು. ನವೆಂಬರ್‌ನಲ್ಲಿ ಅದರ ಕಾರ್ ರೇಸ್ ಗೇಮ್ ಫೋರ್ಝಾ ಹೊರೈಝನ್ 5 ಬಂದಾಗ ಇನ್ನೂ ಕೆಲವರು ಕೇಳಿಕೊಂಡು ಬಂದರು. ಆ ವರ್ಷ ಮುಗಿಯುವುದರೊಳಗೆ 12 ಪೀಸ್ ಮುಗಿದವು, ಗದಗದಿಂದ ವಾಪಸ್ ಬಂದದ್ದೂ ಸೇರಿ. ಲಾಭ ಅಷ್ಟಕ್ಕಷ್ಟೆ. ಆದರೆ ಒಂದು ದೂರೂ ಬರಲಿಲ್ಲ. ಮಾರುವ ಮೊದಲೇ ತಮ್ಮ ಎರಡು ಪ್ರಶ್ನೆ ಕೇಳುತ್ತಿದ್ದರು: ಮನೆಯಲ್ಲಿ ನೆಟ್ ಯಾವುದು? ಗೆಳೆಯರ ಹತ್ತಿರ ಯಾವ ಮಷೀನ್ ಇದೆ?

ನಿಂಟೆಂಡೋ ಬಗ್ಗೆ ಒಂದು ಮಾತು. ಸ್ವಿಚ್ 2017ರಿಂದ ಜಗತ್ತಿನಲ್ಲಿ ಭರ್ಜರಿ ಮಾರಾಟವಾದ ಮಷೀನ್. ಆದರೆ ಭಾರತದಲ್ಲಿ ಕಂಪನಿ ಅಧಿಕೃತವಾಗಿ ಮಾರಲಿಲ್ಲ. ಮುಂಬೈಯಿಂದ ತರಿಸಬಹುದಿತ್ತು. ವಾರಂಟಿ ಇಲ್ಲದ ಮಾಲೆಂದು ತಮ್ಮ ಅದನ್ನು ಕಪಾಟಿಗೆ ಸೇರಿಸಲಿಲ್ಲ.

ಕೈಗೂಡದ ಎರಡು ಪ್ರಯತ್ನ

ಡಿಸ್ಕ್ ವ್ಯಾಪಾರ ಬೆಳೆದ ಮೇಲೆ ಧಾರವಾಡದಲ್ಲಿ ಪರಿಚಯದವರ ಸ್ಟೇಷನರಿ ಅಂಗಡಿಯೊಂದನ್ನು ಕೊಡು–ಕೊಳ್ಳುವ ಜಾಗ ಮಾಡಿದರು. ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಇರುವುದರಿಂದ ಹುಡುಗರೊಬ್ಬರು ಸಂಜೆ ಹೋಗಿ ಡಿಸ್ಕ್ ತಲುಪಿಸಿ ತರುವುದು ಸುಲಭ ಎಂದುಕೊಂಡರು. ನಡೆಯಲಿಲ್ಲ. ಗೀರು ಬಿದ್ದ ಡಿಸ್ಕ್‌ನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ, ಓಡಿಸಿ, ಬೆಲೆ ಹೇಳುವವರು ಅಲ್ಲಿ ಇರಲಿಲ್ಲ. ಡಬ್ಬಿಯಲ್ಲಿ ಬೇರೆ ಡಿಸ್ಕ್ ಬರತೊಡಗಿತು. ಒಮ್ಮೆ ಮಾತ್ರ ಬಳಸಬಹುದಾದ ಕೋಡ್ ಚೀಟಿ ಬಳಸಿಯಾಗಿದ್ದರೂ ಹೊಸದರ ಬೆಲೆಗೆ ಕೊಂಡದ್ದಾಯಿತು. ಕೆಲವು ತಿಂಗಳ ಮೇಲೆ ನಿಲ್ಲಿಸಿದರು.

ಇನ್ನೊಂದು ಒಂದು ಆಮಿಷ. ಒಂದು ಡಿಜಿಟಲ್ ಅಕೌಂಟನ್ನು ಹಲವರಿಗೆ ಹಂಚಿ ಮಾರುವ ದಂಧೆ ಇದೆ. ಅಗ್ಗಕ್ಕೆ ಗೇಮ್ ಸಿಗುತ್ತದೆ, ಅಂಗಡಿಗೆ ಬಂಡವಾಳವಿಲ್ಲದ ಲಾಭ. ಅಣ್ಣ ಇದನ್ನು ಶುರು ಮಾಡಲು ಮುಂದಾಗಿದ್ದರು. ಇದು ಕಂಪನಿಯ ಷರತ್ತಿಗೆ ವಿರುದ್ಧ, ಅಕೌಂಟ್ ಬಂದ್ ಆದರೆ ಗಿರಾಕಿ ಬಂದು ನಿಲ್ಲುವುದು ನಮ್ಮ ಮುಂದೆ ಎಂದು ತಮ್ಮ ತಡೆದರು. ಆ ತಡೆ ಇಲ್ಲದಿದ್ದರೆ ಬರೆದುಕೊಟ್ಟ ಚೀಟಿಗೂ ಬೆಲೆ ಉಳಿಯುತ್ತಿರಲಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗಿನ ಪ್ರಶ್ನೆ

ಕಂಪನಿಗಳ ನಡುವಿನ ಗೋಡೆಯೇ ಈಗ ಕರಗುತ್ತಿದೆ. 2024ರಿಂದ ಮೈಕ್ರೋಸಾಫ್ಟ್ ತನ್ನ ಗೇಮ್‌ಗಳನ್ನು ಪ್ಲೇಸ್ಟೇಷನ್‌ಗೂ ಕೊಡತೊಡಗಿದೆ. ಫೋರ್ಝಾ ಹೊರೈಝನ್ 5 2025ರ ಏಪ್ರಿಲ್‌ನಲ್ಲಿ ಪಿಎಸ್5ಗೆ ಬಂತು. ಇನ್ನೊಂದು ಕಡೆ ಡಿಸ್ಕ್ ಇಲ್ಲದ ಮಾದರಿಗಳನ್ನು ಎರಡೂ ಕಂಪನಿಗಳು ಮಾರುತ್ತಿವೆ. ಭಾರತದಲ್ಲಿ 2024ರ ಏಪ್ರಿಲ್‌ನಲ್ಲಿ ಬಂದ ಪಿಎಸ್5 ಸ್ಲಿಮ್‌ಗೆ ಡಿಸ್ಕ್ ಇದ್ದರೆ 54,990, ಇಲ್ಲದಿದ್ದರೆ 44,990 ಇತ್ತು. ಹತ್ತು ಸಾವಿರ ಉಳಿಯುತ್ತದೆ ಎಂದು ಡಿಸ್ಕ್ ಇಲ್ಲದ್ದನ್ನು ಕೇಳುವವರು ಹೆಚ್ಚಿದರು.

ಅಂಥವರ ಮುಂದೆ ತಮ್ಮ ಒಂದು ಹಾಳೆ ಇಡುತ್ತಾರೆ. ಎಡಕ್ಕೆ ಡಿಸ್ಕ್ ಇರುವ ಮಷೀನ್‌ನಲ್ಲಿ ವರ್ಷಕ್ಕೆ ಆರು ಗೇಮ್ ಕೊಂಡು ಮಾರಿದರೆ ಆಗುವ ಖರ್ಚು, ಬಲಕ್ಕೆ ಅದೇ ಆರು ಗೇಮ್ ಡಿಜಿಟಲ್‌ನಲ್ಲಿ ಕೊಂಡರೆ ಆಗುವ ಖರ್ಚು. ಸೋನಿಯ ದೊಡ್ಡ ಪಿಎಸ್5 ಗೇಮ್‌ಗೆ 4,999 ಬೆಲೆ ಇಟ್ಟುಕೊಂಡರೆ, ಡಿಸ್ಕ್ ಮಾರಿದಾಗ ವಾಪಸ್ ಸಿಗುವ ರೊಕ್ಕ ಡಿಜಿಟಲ್‌ನಲ್ಲಿ ಸಿಗದ ಕಾರಣ, ಮೂರು–ನಾಲ್ಕು ಗೇಮ್ ಕೊಳ್ಳುವಷ್ಟರಲ್ಲಿ ಉಳಿಸಿದ ಹತ್ತು ಸಾವಿರ ಖರ್ಚಾಗಿ ಹೋಗುತ್ತದೆ. ವರ್ಷಕ್ಕೆ ಒಂದೇ ಗೇಮ್ ಆಡುವವರಿಗೆ, ಫೈಬರ್ ಇದ್ದು ಚಂದಾ ಕಟ್ಟುವವರಿಗೆ ಬಲಗಡೆಯೇ ಲಾಭ. ಹಾಳೆ ನೋಡಿ ಅವರೇ ಆರಿಸಲಿ ಎಂದು ಬಿಡುತ್ತಾರೆ. ಅಣ್ಣನಿಗೆ ಮೊದಲು ಇದು ಕೈಗೆ ಬಂದ ಗಿರಾಕಿಯನ್ನು ತಾನಾಗಿ ಯೋಚನೆಗೆ ಹಚ್ಚುವ ಕೆಲಸ ಅನಿಸುತ್ತಿತ್ತು. ಈಗ ಮೊಬೈಲ್ ಕಡೆಯೂ ಹಾಳೆ ಬರೆಯುತ್ತಾರೆ.

ಡಿಸ್ಕ್ ಪೂರ್ತಿ ನಿಂತುಹೋದರೆ ಏನು ಮಾಡುವುದು ಎಂದು ಸಹೋದರರು ನನ್ನನ್ನು ಕೇಳಿದ್ದಾರೆ. ಸದ್ಯ ಎರಡು ಕೆಲಸ ಶುರುವಾಗಿದೆ. ರಿಪೇರಿ ಟೇಬಲ್ ದೊಡ್ಡದು ಮಾಡಿದ್ದಾರೆ: ಕಂಟ್ರೋಲರ್ ಕಡ್ಡಿ, ಡ್ರೈವ್, ಫ್ಯಾನ್. ಹಳೇ ಪಿಎಸ್4 ಬಿಡಿಭಾಗ ಕೂಡಿಡುತ್ತಿದ್ದಾರೆ. ಬಂಡವಾಳದಲ್ಲಿ ಯಾವ ಒಂದು ಹೊಸ ಮಷೀನ್‌ಗೂ ಕಾಲು ಭಾಗಕ್ಕಿಂತ ಹೆಚ್ಚು ಹಾಕಬಾರದು ಎಂದು ವಹಿಯ ಮೊದಲ ಪುಟದಲ್ಲಿ ಇಬ್ಬರೂ ಸಹಿ ಮಾಡಿ ಬರೆದಿಟ್ಟಿದ್ದಾರೆ. ಮುಂದಿನ ಪಾಡ್ಯಕ್ಕೆ ಆ ಮಿತಿಯನ್ನು ಮತ್ತೆ ನೋಡುವುದಿದೆ.